ಕೇಳಿ ತಿಳಿದದ್ದೂ ಜ್ಞಾನವೇ

ಮಾನ್ಯ ಸಂಪಾದಕರೇ,

ಜ್ಞಾನವೆಂದರೇನು ಎಂಬ ವಿಷಯವಾಗಿ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾಗುತ್ತಿರುವ ಪತ್ರಗಳನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಬರೆದವರ ನಿಲುವುಗಳು ಬೇರೆ ಬೇರೆಯಾಗಿದ್ದರೂ ಅವರಲ್ಲಿ ಹೆಚ್ಚಿನವರು ಒಂದು ಮಾತನ್ನು ಚರ್ಚೆಗೇ ಎತ್ತಿಕೊಳ್ಳದೆ ಒಪ್ಪಿಬಿಟ್ಟಿದ್ದಾರೆ: ತಾನೇ ಕಣ್ಣಾರೆ ಕಂಡು, ತಾನೇ ಅನುಭವಿಸಿ ಅಥವಾ ಪರೀಕ್ಷಿಸಿ ತಿಳಿದುಕೊಂಡದ್ದು ಮಾತ್ರ ನಿಜವಾದ ಜ್ಞಾನ, ಇತರರಿಂದ ಕೇಳಿದ್ದು ಮತ್ತು ಓದಿದ್ದು ಬರಿಯ ಮಾಹಿತಿ. ಈ ಮಾತಿನಲ್ಲಿ ಒಂದು ಬಗೆಯ ಸ್ವಾಭಿಮಾನವಿದೆ, ಆದ್ದರಿಂದಲೇ ಅದು ಸುಲಭವಾಗಿ ಮನಸ್ಸಿಗೆ ಹಿಡಿಸುತ್ತದೆ. ಆದರೆ ಅದು ತಪ್ಪೆಂಬುದು ನನ್ನ ಅಭಿಪ್ರಾಯ. ಅದನ್ನು ನಂಬಿದವರು ಹೆಚ್ಚು ಎಚ್ಚರದವರಾಗುವ ಬದಲು ಹೆಚ್ಚು ಸುಲಭವಾಗಿ ಮೋಸಹೋಗುವವರಾಗುತ್ತಾರೆ ಎಂದೂ ನನಗನ್ನಿಸುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಯಾರೇ ಆಗಲಿ, ತಾನು ಹುಟ್ಟಿದ ದಿನ ತನಗೆ ಗೊತ್ತು ಎನ್ನುತ್ತಾರೆ. ಆ ದಿನ ಅಲ್ಲಿ ಇದ್ದದ್ದು ನಿಜವಾದರೂ ಅದಕ್ಕೆ ಅವರು ಸಾಕ್ಷಿಯಾಗಲಾರರು. ಹೆತ್ತವರ ಮಾತು ಮತ್ತು ಒಂದು ದಾಖಲೆ, ಇವೆರಡೇ ಅವರ ಆಧಾರ. ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್ ದೂರವಿದೆ ಎಂಬುದು, ಅಂಟಾರ್ಕ್ಟಿಕಾ ಎಂಬ ಖಂಡವಿದೆ ಎಂಬುದು, ಮುತ್ತಜ್ಜನ ಕಾಲಕ್ಕಿಂತ ಮೊದಲೂ ಜಗತ್ತು ಇತ್ತು ಎಂಬುದು, ಇವೆಲ್ಲ ನಮ್ಮಲ್ಲಿ ಬಹುಪಾಲು ಜನರಿಗೆ ಇತರರ ಮಾತಿನಿಂದಲೇ ತಿಳಿದದ್ದು. ಇವನ್ನು ಜ್ಞಾನವಲ್ಲವೆಂದು ತೆಗೆದುಹಾಕಿದರೆ ಉಳಿಯುವುದು ನಿಂತಲ್ಲಿಂದ ಕಾಣುವಷ್ಟು ನೋಟ, ನೆನಪಿನಲ್ಲಿ ಉಳಿದಷ್ಟು ಹಿಂದಿನದು, ಅಷ್ಟೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಬಹುದು. ಒಂದು ಮಾತನ್ನು ಸಂದೇಹಿಸಬೇಕಾದರೂ ಅದರ ಅರ್ಥ ತಿಳಿದಿರಬೇಕು. ಅರ್ಥವನ್ನು ಮಗು ಕಲಿತದ್ದು ದೊಡ್ಡವರು ಹೇಳಿದ್ದನ್ನು ನಂಬಿಯೇ. ನಂಬಿಕೆಯಿಂದ ಬಂದ ಆಸ್ತಿಯನ್ನು ಕೈಯಲ್ಲಿಟ್ಟುಕೊಂಡೇ ನಾವು ಅಪನಂಬಿಕೆಯ ವ್ಯವಹಾರವನ್ನು ಆರಂಭಿಸುತ್ತೇವೆ.

ಈ ಪ್ರಶ್ನೆಯನ್ನು ಭಾರತೀಯ ದರ್ಶನಕಾರರು ಜಾಲಾಡಿದ ತಾಳ್ಮೆಯ ಮುಂದೆ ಇಂದಿನ ನಮ್ಮ ಚರ್ಚೆ ಅವಸರದ್ದಾಗಿ ಕಾಣುತ್ತದೆ. ಜ್ಞಾನ ಯಾವ ದಾರಿಯಿಂದ ಬಂತು, ಅಂದರೆ ಅದಕ್ಕೆ ಪ್ರಮಾಣವೇನು, ಎಂಬುದೇ ಅವರ ಮುಖ್ಯ ಕಾಳಜಿಯಾಗಿತ್ತು. ಭೌತವಾದಿಗಳಾದ ಚಾರ್ವಾಕರು ಪ್ರತ್ಯಕ್ಷವೊಂದನ್ನೇ, ಅಂದರೆ ಇಂದ್ರಿಯಗಳಿಂದ ನೇರವಾಗಿ ತಿಳಿದದ್ದನ್ನೇ ಒಪ್ಪಿದರು. ದಿಙ್ನಾಗನ ಪರಂಪರೆಯ ಬೌದ್ಧರು ಅದಕ್ಕೆ ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ನಿಶ್ಚಯಿಸುವ ತರ್ಕವನ್ನು ಸೇರಿಸಿದರು. ಸಾಂಖ್ಯರು ಶಬ್ದವನ್ನು, ಅಂದರೆ ಬಲ್ಲವರ ಮಾತನ್ನು ಸೇರಿಸಿ ಮೂರು ಮಾಡಿದರು; ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಉಪಮಾನವನ್ನು, ಅಂದರೆ ಹೋಲಿಕೆಯಿಂದ ತಿಳಿಯುವುದನ್ನು ಸೇರಿಸಿ ನಾಲ್ಕು ಎಂದರು; ವೇದವಾಕ್ಯಗಳ ಅರ್ಥವಿಚಾರ ಮಾಡಿದ ಮೀಮಾಂಸಕರಲ್ಲಿ ಪ್ರಾಭಾಕರ ಪಂಥದವರ ಲೆಕ್ಕ ಐದಕ್ಕೆ, ಭಾಟ್ಟ ಪಂಥದವರದೂ ಅದ್ವೈತಿಗಳದೂ ಆರಕ್ಕೆ ಹೋಯಿತು. ಇಂದು ಸ್ವಂತ ಅನುಭವವೊಂದೇ ಜ್ಞಾನ ಎನ್ನುವವರು ತಿಳಿದೋ ತಿಳಿಯದೆಯೋ ಚಾರ್ವಾಕರ ಸಾಲಿನಲ್ಲಿ ಕುಳಿತಿದ್ದಾರೆ. ಅದರಲ್ಲಿ ಅವಮಾನವೇನೂ ಇಲ್ಲ, ಚಾರ್ವಾಕರು ಸಾಮಾನ್ಯ ತಾರ್ಕಿಕರಲ್ಲ. ಆದರೆ ಹಾಗೆಂದು ಬರೆದ ಪತ್ರದಲ್ಲೇ ಪೂರ್ವಿಕರ ಜ್ಞಾನಸಂಪತ್ತನ್ನು ಹೊಗಳಿ, ಅದು ನಮಗೆ ತಲುಪಿದ ದಾರಿಯನ್ನು ಮಾತ್ರ ಜ್ಞಾನದ ದಾರಿಯಲ್ಲವೆಂದು ತಳ್ಳಿಹಾಕುವುದು ಹೇಗೆ ಸಾಧ್ಯವೋ ತಿಳಿಯದು.

ನೈಯಾಯಿಕರ ಮೂಲಗ್ರಂಥವಾದ ನ್ಯಾಯಸೂತ್ರವು ಶಬ್ದಪ್ರಮಾಣವನ್ನು ಆಪ್ತನ ಉಪದೇಶವೆಂದು ಎರಡೇ ಪದಗಳಲ್ಲಿ ಹೇಳಿ ಮುಗಿಸುತ್ತದೆ. ಆಪ್ತ ಯಾರು ಎಂಬ ಪ್ರಶ್ನೆಗೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರ ನನಗೆ ಈ ಇಡೀ ವಿಚಾರದಲ್ಲೇ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ವಿಷಯವನ್ನು ಸಾಕ್ಷಾತ್ತಾಗಿ ತಿಳಿದಿರಬೇಕು; ತಿಳಿದದ್ದನ್ನು ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯಿಂದ ಮಾತನಾಡುವವನಾಗಿರಬೇಕು. ಇಷ್ಟಿದ್ದರೆ ಅವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ವಾತ್ಸ್ಯಾಯನ ಸ್ಪಷ್ಟವಾಗಿ ಸೇರಿಸುತ್ತಾನೆ. ಶಬ್ದಪ್ರಮಾಣವೆಂದರೆ ಶಾಸ್ತ್ರಕ್ಕೆ ಕಣ್ಣುಮುಚ್ಚಿ ತಲೆಬಾಗುವುದು ಎಂದು ತಿಳಿದವರು ಈ ಒಂದು ವಾಕ್ಯವನ್ನು ಗಮನಿಸಬೇಕು. ಸುಮಾರು 5ನೇ ಶತಮಾನದ ಈ ಭಾಷ್ಯ, ಮಾತಿನ ಬೆಲೆಯನ್ನು ಹೇಳುವವನ ಕುಲದಿಂದಲೋ ಪದವಿಯಿಂದಲೋ ಅಳೆಯದೆ, ಅವನಿಗೆ ವಿಷಯ ಗೊತ್ತಿದೆಯೇ, ಅವನು ಪ್ರಾಮಾಣಿಕನೇ ಎಂಬುದರಿಂದ ಅಳೆಯಿತು.

ಪಶ್ಚಿಮದಲ್ಲಿ ಕೇಳಿ ತಿಳಿದದ್ದರ ಬಗ್ಗೆ ಗುಮಾನಿ ಹೆಚ್ಚು. ಪ್ಲೇಟೋನ ಒಂದು ಸಂವಾದದಲ್ಲಿ ನ್ಯಾಯಾಲಯದ ಉದಾಹರಣೆಯೊಂದು ಬರುತ್ತದೆ: ಘಟನೆಯನ್ನು ಕಾಣದ ತೀರ್ಪುಗಾರರು ವಾದವನ್ನು ಕೇಳಿ ಸರಿಯಾದ ನಿರ್ಣಯಕ್ಕೆ ಬಂದರೂ ಅವರದು ಸತ್ಯವಾದ ಅಭಿಪ್ರಾಯ ಮಾತ್ರ, ಜ್ಞಾನವಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಇದೇ ಮನೋಭಾವವನ್ನು ಇನ್ನೂ ಕಟುವಾಗಿ ಹೇಳಿದ. ಇತರರ ಅಭಿಪ್ರಾಯಗಳು ನಮ್ಮ ತಲೆಯಲ್ಲಿ ತೇಲಾಡುತ್ತಿದ್ದ ಮಾತ್ರಕ್ಕೆ, ಅವು ನಿಜವೇ ಆಗಿದ್ದರೂ, ನಾವು ಎಳ್ಳಷ್ಟೂ ಜ್ಞಾನಿಗಳಾಗುವುದಿಲ್ಲ ಎಂಬುದು ಅವನ ವಾದ. 1660ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿಯಂತೂ ಯಾರ ಮಾತಿನ ಮೇಲೂ ಏನನ್ನೂ ಒಪ್ಪಬಾರದು ಎಂಬ ಲ್ಯಾಟಿನ್ ಮಾತನ್ನೇ ತನ್ನ ಧ್ಯೇಯವಾಕ್ಯವಾಗಿ ಆರಿಸಿಕೊಂಡಿತು.

ಆದರೆ ಆ ಸಂಸ್ಥೆ ನಡೆದದ್ದು ಹೇಗೆ ಎಂದು ನೋಡಿದರೆ ಚಿತ್ರವೇ ಬೇರೆ. ಅದರ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ಆರಂಭಿಸಿದ ವಿಜ್ಞಾನ ಪತ್ರಿಕೆಯ ಒಡಲು ತುಂಬಿದ್ದು ದೂರದೂರದವರು ಬರೆದು ಕಳುಹಿಸಿದ ಪತ್ರಗಳಿಂದ ಮತ್ತು ವರದಿಗಳಿಂದ. ಅದೇ ಸಂಸ್ಥೆಯ ವಿಜ್ಞಾನಿ ರಾಬರ್ಟ್ ಬಾಯ್ಲ್, ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆಯುವ ತನ್ನ ಗಾಳಿ ಪಂಪಿನ ಪ್ರಯೋಗಗಳನ್ನು ವಿವರಿಸುವಾಗ, ಅವುಗಳಲ್ಲೊಂದನ್ನು ವಾಲಿಸ್, ವಾರ್ಡ್ ಮತ್ತು ರೆನ್ ಎಂಬ ಹೆಸರಾಂತ ಗಣಿತಜ್ಞರು ಎದುರಿಗೆ ನಿಂತು ನೋಡಿದರೆಂದು ಹೆಸರು ಹಿಡಿದು ಬರೆದ. ಏಕೆಂದರೆ ಓದುಗರಲ್ಲಿ ಬಹುತೇಕರ ಬಳಿ ಅಂಥ ಪಂಪು ಇರಲಿಲ್ಲ. ಅವರು ಸಾಕ್ಷಿಗಳನ್ನು ನಂಬಬೇಕಿತ್ತು. ಧ್ಯೇಯವಾಕ್ಯ ಒಂದನ್ನು ಹೇಳುತ್ತಿದ್ದಾಗ ಕೆಲಸ ಇನ್ನೊಂದನ್ನು ಮಾಡುತ್ತಿತ್ತು, ಮತ್ತು ನನ್ನ ಮಟ್ಟಿಗೆ ಕೆಲಸವೇ ಸರಿಯಾದ ಹಾದಿಯಲ್ಲಿತ್ತು. ಪರರ ಮಾತನ್ನು ತೊರೆಯುವ ಗೋಜಿಗೆ ಹೋಗದೆ, ಯಾರು ಕಂಡರು, ಯಾವಾಗ, ಹೇಗೆ, ಯಾರ ಎದುರಿಗೆ ಎಂಬುದನ್ನು ಬರೆದಿಟ್ಟು ಆ ಮಾತಿಗೆ ಜವಾಬ್ದಾರಿಯನ್ನು ಹೊರಿಸಿದ್ದೇ ಅವರ ಸಾಧನೆ.

ಸ್ವಂತ ಅನುಭವದ ಪಕ್ಷದವರು ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎತ್ತಬಹುದು. ಒಂದು ಮಾತು ನಿಜವಾಗಿದ್ದರೆ ಸಾಲದು, ಅದು ಸರಿಯಾದ ದಾರಿಯಿಂದಲೂ ಬಂದಿರಬೇಕಲ್ಲವೇ? ಹೌದು, ಬಂದಿರಬೇಕು. 8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಇದಕ್ಕೊಂದು ಸೊಗಸಾದ ದೃಷ್ಟಾಂತ ಕೊಟ್ಟಿದ್ದಾನೆ. ಮಾಂಸ ಸುಡುವುದಕ್ಕೆಂದು ಆಗತಾನೇ ಬೆಂಕಿ ಹೊತ್ತಿಸಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ವಾಸನೆಗೆ ಹುಳುಗಳ ಹಿಂಡು ಮುತ್ತಿಕೊಂಡಿದೆ. ದೂರದಲ್ಲಿರುವವನೊಬ್ಬ ಆ ಹಿಂಡನ್ನೇ ಹೊಗೆಯೆಂದು ತಿಳಿದು ಅಲ್ಲಿ ಬೆಂಕಿಯಿದೆ ಎಂದು ನಿಶ್ಚಯಿಸುತ್ತಾನೆ. ಬೆಂಕಿ ಇರುವುದು ನಿಜ, ಅವನ ನಂಬಿಕೆಯೂ ನಿಜ, ಅವನ ದೃಷ್ಟಿಯಲ್ಲಿ ಅದಕ್ಕೆ ಕಾರಣವೂ ಇದೆ. ಆದರೂ ಅದನ್ನು ಜ್ಞಾನವೆನ್ನಲು ಮನಸ್ಸು ಒಪ್ಪದು. 1963ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಎಡ್ಮಂಡ್ ಗೆಟಿಯರ್ ಮೂರೇ ಪುಟಗಳ ಲೇಖನವೊಂದರಲ್ಲಿ, ಸಕಾರಣವಾದ ಸತ್ಯ ನಂಬಿಕೆಯೇ ಜ್ಞಾನ ಎಂಬ ವ್ಯಾಖ್ಯೆಯನ್ನು ಇದೇ ಜಾತಿಯ ಉದಾಹರಣೆಗಳಿಂದ ಅಲುಗಾಡಿಸಿದ. ಅಂದಿನಿಂದ ಆ ಬಿರುಕನ್ನು ಮುಚ್ಚುವ ಪ್ರಯತ್ನಗಳು ನಡೆದೇ ಇವೆ. ಆದರೆ ಧರ್ಮೋತ್ತರನ ದೃಷ್ಟಾಂತದಲ್ಲಿ ತಪ್ಪಿದ್ದು ಯಾವುದು ಎಂದು ಕೇಳಿಕೊಂಡರೆ ಆಕ್ಷೇಪವೇ ತಿರುಗಿ ನಿಲ್ಲುತ್ತದೆ. ಆ ಮನುಷ್ಯನಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಅವನು ನೆಚ್ಚಿದ್ದು ತನ್ನ ಕಣ್ಣನ್ನೇ.

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1903ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ರೆನೆ ಬ್ಲಾಂಡ್ಲೋ ಎನ್-ಕಿರಣಗಳೆಂಬ ಹೊಸ ಕಿರಣಗಳನ್ನು ಕಂಡುದಾಗಿ ಪ್ರಕಟಿಸಿದ; ಇತರ ಹಲವು ವಿಜ್ಞಾನಿಗಳೂ ತಾವೂ ಕಂಡೆವು ಎಂದರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಅವನ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಯಾರಿಗೂ ತಿಳಿಯದಂತೆ ಉಪಕರಣದ ಮುಖ್ಯ ಭಾಗವಾದ ಪಟ್ಟಕವನ್ನು (ಪ್ರಿಸಂ) ತೆಗೆದುಬಿಟ್ಟ. ಆದರೂ ಅಲ್ಲಿದ್ದವರಿಗೆ ಕಿರಣಗಳು ಮೊದಲಿನ ಜಾಗದಲ್ಲೇ ಕಾಣುತ್ತಿದ್ದವು. ಅವರಾರೂ ವಂಚಕರಲ್ಲ, ಕಾಣಬೇಕೆಂದು ನಿರೀಕ್ಷಿಸಿದ್ದನ್ನು ಪ್ರಾಮಾಣಿಕವಾಗಿಯೇ ಕಂಡವರು. ರಕ್ತ ಹೊರತೆಗೆಯುವ ಚಿಕಿತ್ಸೆಯ ಕತೆ ಇದಕ್ಕಿಂತ ದಾರುಣವಾದದ್ದು. ಯೂರೋಪಿನ ವೈದ್ಯರು ಶತಮಾನಗಳ ಕಾಲ ರೋಗಿಗಳ ರಕ್ತ ಹರಿಸಿದರು, ಮತ್ತು ಅದರಿಂದ ರೋಗಿಗಳು ಚೇತರಿಸಿಕೊಂಡದ್ದನ್ನು ಅವರಲ್ಲಿ ಪ್ರತಿಯೊಬ್ಬನೂ ತನ್ನ ಕಣ್ಣಿಂದಲೇ ಕಂಡಿದ್ದ. 1835ರಲ್ಲಿ ಪ್ಯಾರಿಸ್ಸಿನ ವೈದ್ಯ ಪಿಯರ್ ಲೂಯಿ, ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಯಾವ ದಿನ ರಕ್ತ ತೆಗೆಯಲಾಯಿತು, ಯಾರು ಬದುಕಿದರು, ಯಾರು ಸತ್ತರು ಎಂಬುದನ್ನು ಎಣಿಸಿ ಹೋಲಿಸಿ, ಆ ಚಿಕಿತ್ಸೆಯ ಪ್ರಯೋಜನ ಜನ ನಂಬಿದ್ದಕ್ಕಿಂತ ಬಹಳ ಕಡಿಮೆ ಎಂದು ತೋರಿಸಿದ. ಸ್ವಂತ ಅನುಭವ ಅಷ್ಟು ಕಾಲ ಕಾಣಲಾರದೆ ಹೋದದ್ದನ್ನು ತೋರಿಸಿಕೊಟ್ಟದ್ದು ಹಲವು ರೋಗಿಗಳ ದಾಖಲೆಯ ಲೆಕ್ಕ.

ಈಗಿನ ವಿಜ್ಞಾನದಲ್ಲಿ ಈ ಪರಸ್ಪರ ಅವಲಂಬನೆ ಇನ್ನೂ ಹೆಚ್ಚಿದೆ. ಹಿಗ್ಸ್ ಕಣವೆಂಬ ಅತಿಸೂಕ್ಷ್ಮ ಮೂಲಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಪ್ರಕಟವಾದ ಪ್ರಬಂಧವೊಂದಕ್ಕೆ 5,154 ಲೇಖಕರಿದ್ದರು; 33 ಪುಟಗಳಲ್ಲಿ 24 ಪುಟ ಅವರ ಮತ್ತು ಅವರ ಸಂಸ್ಥೆಗಳ ಹೆಸರುಗಳಿಗೇ ಹೋಯಿತು. ಆ ಫಲಿತಾಂಶದ ಪ್ರತಿಯೊಂದು ಹಂತವನ್ನೂ ತಾನೇ ಪರೀಕ್ಷಿಸಿದ್ದೇನೆ ಎನ್ನಬಲ್ಲವರು ಅವರಲ್ಲಿ ಯಾರೂ ಇರಲಾರರು. ಹಾಗಾದರೆ ಆ ದ್ರವ್ಯರಾಶಿ ಎಷ್ಟೆಂದು ಯಾರಿಗೂ ಗೊತ್ತಿಲ್ಲವೇ? ಗೊತ್ತಿದೆ, ಆದರೆ ಆ ಜ್ಞಾನದ ಒಡೆತನ ಒಂದು ತಲೆಗೆ ಸೇರಿದ್ದಲ್ಲ. ಒಂಟಿಯಾಗಿ ಕುಳಿತು ಮಾಡುವ ಶುದ್ಧ ಚಿಂತನೆ ಎಂದು ನಾವು ತಿಳಿಯುವ ಗಣಿತಕ್ಕೂ ಇದು ಅನ್ವಯಿಸುತ್ತದೆ. ಗೋಲಗಳನ್ನು ಅತ್ಯಂತ ಒತ್ತಾಗಿ ಜೋಡಿಸುವ ಬಗ್ಗೆ ಕೆಪ್ಲರ್ 1611ರಲ್ಲಿ ಮಾಡಿದ್ದ ಊಹೆಗೆ ಥಾಮಸ್ ಹೇಲ್ಸ್ 1998ರಲ್ಲಿ ಕಂಪ್ಯೂಟರಿನ ನೆರವಿನಿಂದ ಗಣಿತದ ಪುರಾವೆ ಒದಗಿಸಿದಾಗ, ಅದನ್ನು ಪರಿಶೀಲಿಸಲು ನೇಮಕಗೊಂಡ 12 ಮಂದಿ ವಿದ್ವಾಂಸರು ವರ್ಷಗಟ್ಟಲೆ ಶ್ರಮಿಸಿ, ಶೇಕಡ 99ರಷ್ಟು ಖಾತ್ರಿಯಿದೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದಲೇ ಪರಿಶೀಲಿಸುವ ಪೂರ್ಣ ತಾಳೆ ಮುಗಿದದ್ದು 2014ರಲ್ಲಿ, ಅದೂ ಒಂದು ತಂಡದ ದುಡಿಮೆಯಿಂದ.

ಮಾತಿನಿಂದ ದಾಟಿಸಲಾಗದ ತಿಳಿವೂ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಈಜುವುದನ್ನು ಕೇಳಿ ಕಲಿಯಲಾಗದು. ಒಂದು ಸಂಗತಿಯನ್ನು ಅರಿಯುವುದೂ ಒಂದು ಕೆಲಸವನ್ನು ಮಾಡಬಲ್ಲವರಾಗುವುದೂ ಬೇರೆ ಬೇರೆ ಎಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ ಕಳೆದ ಶತಮಾನದ ನಡುಭಾಗದಲ್ಲಿ ವಿವರವಾಗಿ ವಾದಿಸಿದ್ದಾನೆ. ಬಣ್ಣದ ಬಗ್ಗೆ ವಿಜ್ಞಾನ ಹೇಳುವುದನ್ನೆಲ್ಲ ಕಪ್ಪುಬಿಳುಪಿನ ಕೋಣೆಯೊಳಗೇ ಕಲಿತ ಮೇರಿ ಎಂಬ ಕಲ್ಪಿತ ವಿಜ್ಞಾನಿ, ಹೊರಬಂದು ಮೊದಲ ಬಾರಿ ಕೆಂಪನ್ನು ಕಂಡಾಗ ಹೊಸದೇನನ್ನಾದರೂ ತಿಳಿಯುತ್ತಾಳೆಯೇ ಎಂದು ಆಸ್ಟ್ರೇಲಿಯದ ತತ್ತ್ವಜ್ಞಾನಿ ಫ್ರಾಂಕ್ ಜಾಕ್ಸನ್ 1982ರಲ್ಲಿ ಕೇಳಿದ ಪ್ರಶ್ನೆಯೂ ಈ ದಿಕ್ಕಿನದೇ. (ತಿಳಿಯುತ್ತಾಳೆ ಎಂದು ವಾದಿಸಿದ್ದ ಜಾಕ್ಸನ್ ಮುಂದೆ ತಾನೇ ನಿಲುವು ಬದಲಿಸಿದ.) ಅನುಭವದ ಪಕ್ಷದವರು ತಮ್ಮ ವಾದವನ್ನು ಇಷ್ಟಕ್ಕೆ ಸೀಮಿತಗೊಳಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನನಗೆ ಹೆಚ್ಚು ಆತಂಕ ತರುವುದು ಈ ವಾದದ ವ್ಯಾವಹಾರಿಕ ಪರಿಣಾಮ. ಯಾರನ್ನೂ ನಂಬಬೇಡ, ನೀನೇ ಹುಡುಕಿ ನೋಡು ಎಂಬ ಬುದ್ಧಿವಾದವನ್ನು ಶಿರಸಾವಹಿಸಿದವನು ಏನು ಮಾಡುತ್ತಾನೆ? ಅವನ ಬಳಿ ಪ್ರಯೋಗಾಲಯವಿಲ್ಲ, ದೂರದರ್ಶಕವಿಲ್ಲ, ಹಳೆಯ ದಾಖಲೆಗಳ ಭಂಡಾರವಿಲ್ಲ. ಆದ್ದರಿಂದ ಅವನು ಹುಡುಕುವುದೆಂದರೆ ಬೇರೆ ಯಾರದೋ ಮಾತನ್ನು ಹುಡುಕುವುದೇ. ತಾನೀಗ ಯಾರನ್ನೂ ನಂಬುತ್ತಿಲ್ಲ ಎಂಬ ಭ್ರಮೆಯಲ್ಲಿರುವುದರಿಂದ, ನಂಬುವಾಗ ವಹಿಸಬೇಕಾದ ಎಚ್ಚರವನ್ನು ಅವನು ವಹಿಸುವುದಿಲ್ಲ. ತಜ್ಞರನ್ನು ತಿರಸ್ಕರಿಸಿ ಅಜ್ಞಾತನೊಬ್ಬನ ವಿಡಿಯೋವನ್ನು ಒಪ್ಪಿಕೊಂಡು, ಅದನ್ನೇ ಸ್ವಂತ ಸಂಶೋಧನೆ ಎಂದು ಕರೆಯುವವರ ಮನಸ್ಸಿನಲ್ಲಿ ನಡೆಯುವುದು ಇದೇ. ಅದೇ ಸಂದೇಶ ಹತ್ತು ಕಡೆಯಿಂದ ಬಂದರೆ ಹತ್ತು ಸಾಕ್ಷಿಗಳಿದ್ದಾರೆ ಎಂದು ಅವರು ಎಣಿಸುತ್ತಾರೆ. ಒಬ್ಬನಿಂದ ಹೊರಟ ಮಾತು ಸಾವಿರ ಬಾಯಿಗಳನ್ನು ಹಾದು ಬಂದರೂ ಸಾಕ್ಷಿ ಒಂದೇ. ಪರಸ್ಪರ ಮಾತಾಡಿಕೊಳ್ಳದ ಇಬ್ಬರು ಪ್ರತ್ಯೇಕವಾಗಿ ಕಂಡು ಒಂದೇ ವಿಷಯವನ್ನು ಹೇಳಿದರೆ ಅದರ ತೂಕ ಆ ಸಾವಿರಕ್ಕಿಂತ ಹೆಚ್ಚು. ಈ ಸರಳ ಲೆಕ್ಕವನ್ನು ಹೇಳಿಕೊಡಬೇಕಾದರೆ, ಕೇಳಿ ತಿಳಿಯುವುದೂ ಜ್ಞಾನದ ಒಂದು ದಾರಿ, ಅದಕ್ಕೂ ತನ್ನದೇ ನಿಯಮಗಳಿವೆ ಎಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ನಂಬುವುದನ್ನು ಎಲ್ಲಿಂದ ಆರಂಭಿಸಬೇಕು ಎಂಬುದರಲ್ಲಿ ಹಿಂದಿನವರಲ್ಲೇ ಭಿನ್ನಾಭಿಪ್ರಾಯವಿತ್ತು. ದೋಷ ಕಾಣುವವರೆಗೂ ಜ್ಞಾನಕ್ಕೆ ತನ್ನಿಂದ ತಾನೇ ಪ್ರಾಮಾಣ್ಯ, ಅಂದರೆ ಸರಿಯೆಂಬ ಮಾನ್ಯತೆ, ಇದೆ ಎಂದರು ಮೀಮಾಂಸಕರು. ಪ್ರಾಮಾಣ್ಯವನ್ನು ಬೇರೆ ಆಧಾರಗಳಿಂದ ನಿಶ್ಚಯಿಸಬೇಕು ಎಂದರು ನೈಯಾಯಿಕರು. ಪರರ ಮಾತಿನ ವಿಷಯದಲ್ಲಿ 18ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಎದ್ದ ವಿವಾದವೂ ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ ನಡೆಯಿತು: ಮಾತನ್ನು ನಂಬುವುದು ಅನುಭವದ ಆಧಾರದಿಂದ ಮಾತ್ರ ಸಮರ್ಥನೀಯ ಎಂದು ಡೇವಿಡ್ ಹ್ಯೂಮ್, ನಂಬುವ ಪ್ರವೃತ್ತಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು ಎಂದು ಥಾಮಸ್ ರೀಡ್. ನನಗನ್ನಿಸುವಂತೆ ಎರಡು ಪಕ್ಷಗಳಿಗೂ ಅದರದರ ಸಂದರ್ಭವಿದೆ. ದಾರಿ ಕೇಳಿದಾಗ ಅಪರಿಚಿತ ಹೇಳಿದ್ದನ್ನು ಒಪ್ಪಿ ನಡೆಯುವುದು ವಿವೇಕ; ಅದೇ ಅಪರಿಚಿತ ಔಷಧಿ ಹೇಳಿದರೆ ಆಧಾರ ಕೇಳುವುದು ವಿವೇಕ. ತಪ್ಪಾದರೆ ಆಗುವ ಹಾನಿ ಹೆಚ್ಚಿದಂತೆಲ್ಲ ಮೀಮಾಂಸಕರ ಪಕ್ಷದಿಂದ ನೈಯಾಯಿಕರ ಪಕ್ಷಕ್ಕೆ ಸರಿಯುತ್ತ ಹೋಗಬೇಕು.

ಕೇಳಿದ್ದಕ್ಕೆಲ್ಲ ನಿರರ್ಗಳವಾಗಿ ಉತ್ತರ ಕೊಡುವ ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಪತ್ರಗಳಲ್ಲಿ ಪ್ರಸ್ತಾಪ ಬಂದಿರುವುದರಿಂದ ಒಂದು ಮಾತು. ವಾತ್ಸ್ಯಾಯನನ ಅಳತೆಗೋಲನ್ನು ಅದಕ್ಕೆ ಹಿಡಿದು ನೋಡೋಣ. ಅದು ಯಾವ ಸಂಗತಿಯನ್ನೂ ಸಾಕ್ಷಾತ್ತಾಗಿ ಕಂಡಿಲ್ಲ. ಅಪಾರ ಬರಹಗಳಲ್ಲಿ ಪದಗಳು ಒಂದರ ಜೊತೆಗೊಂದು ಬರುವ ಕ್ರಮದಿಂದ ಅದು ವಾಕ್ಯವನ್ನು ಹೊಸೆಯುತ್ತದೆ. ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಇಚ್ಛೆ ಅದಕ್ಕಿದೆ ಎನ್ನಲು ನಮಗೆ ಆಧಾರವಿಲ್ಲ. ಆದಕಾರಣ ಅದರ ಉತ್ತರ ಸರಿಯಾಗಿದ್ದಾಗಲೂ ಅದನ್ನು ಆಪ್ತವಾಕ್ಯವೆಂದು ಸ್ವೀಕರಿಸಲಾಗದು. ಹೆಚ್ಚೆಂದರೆ ಯಾವ ಸಾಕ್ಷಿಯನ್ನು ಹೋಗಿ ಕೇಳಬೇಕು ಎಂಬುದರ ಸೂಚನೆಯಾಗಿ ಬಳಸಬಹುದು. ಇಲ್ಲದ ಪುಸ್ತಕಗಳ ಹೆಸರನ್ನು ಅದು ಅಷ್ಟೇ ಧೈರ್ಯದಿಂದ ಹೇಳಿಬಿಡುವುದು ಈಗಾಗಲೇ ಬೆಳಕಿಗೆ ಬಂದಿರುವುದರಿಂದ, ಆ ಸೂಚನೆಯನ್ನೂ ತಾಳೆ ನೋಡಬೇಕಾಗುತ್ತದೆ.

ಕೊನೆಯದಾಗಿ ತಮ್ಮಲ್ಲಿ ಒಂದು ಅರಿಕೆ. ವೃತ್ತಪತ್ರಿಕೆ ಓದುಗನಿಗೆ ಕೊಡುವುದೆಲ್ಲ ಶಬ್ದಪ್ರಮಾಣವೇ. ಅದನ್ನು ಓದಿದವನಿಗೆ ತಿಳಿವು ಉಂಟಾಯಿತೋ ಬರಿಯ ವದಂತಿ ತಲುಪಿತೋ ಎಂಬುದು ಆ ಮಾತು ಎಲ್ಲಿಂದ ಬಂತೆಂದು ಪತ್ರಿಕೆ ಎಷ್ಟು ತೆರೆದು ಹೇಳುತ್ತದೆ ಎಂಬುದರ ಮೇಲೆ ನಿಂತಿದೆ. ಮೂಲಗಳು ತಿಳಿಸಿವೆ ಎಂಬ ಮಾತಿನಿಂದ ಸುದ್ದಿಯನ್ನು ಮುಗಿಸುವ ಬದಲು, ಹೆಸರು ಹೇಳಲಾಗದ ಸಂದರ್ಭದಲ್ಲೂ ಆ ಮೂಲ ಘಟನೆಯನ್ನು ತಾನೇ ಕಂಡದ್ದೋ ಕೇಳಿದ್ದೋ, ಒಂದೇ ಮೂಲವೋ ಪರಸ್ಪರ ಸಂಬಂಧವಿಲ್ಲದ ಎರಡೋ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸುವ ಪದ್ಧತಿಯನ್ನು ತಾವು ಜಾರಿಗೆ ತರಬಹುದು. ಹಾಗೆಯೇ ಮೊದಲ ಪುಟದಲ್ಲಿ ಅಚ್ಚಾದ ತಪ್ಪಿನ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವುದು ಹಲವು ಪತ್ರಿಕೆಗಳಲ್ಲಿ ಕಾಣುವ ರೂಢಿ; ತಪ್ಪು ಎಲ್ಲಿ ಪ್ರಕಟವಾಯಿತೋ ಅಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಆ ತಪ್ಪು ಹೇಗೆ ನುಸುಳಿತು ಎಂಬ ವಿವರದೊಂದಿಗೆ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ